ಓಡ್ಬೇಡ ಮಿಸ್

"ಎಡಕ್ಕೆ ತಗೊಳ್ಳಿ... ಇನ್ನೂ ಎಡಕ್ಕೆ. ಕಾಲಿನ ಕಡೆಯವರು ಸ್ವಲ್ಪ ಎತ್ತಿ," ಎಂದು ವ್ಯಾನಿನ ಚಾಲಕ ಮೆಟ್ಟಿಲ ತಿರುವಿನಲ್ಲಿ ಗೋಡೆಗೆ ಬೆನ್ನೊತ್ತಿಕೊಂಡು ಹೇಳಿದ.

ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಸಿರಲಿಲ್ಲ. ನೆಟ್ಟಗೆ ನಿಲ್ಲಿಸಿದರೆ ಹಿಡಿಸೀತು ಎಂದು ಯಾರೋ ಅಂದರು. ಮಗಳು ಅವರ ಕಡೆ ನೋಡಿದ ರೀತಿಗೆ ಅವರು ಮತ್ತೆ ಬಾಯಿ ತೆರೆಯಲಿಲ್ಲ. ಹಾಗಾಗಿ ನಾಲ್ಕನೇ ಮಹಡಿಯಿಂದ ಮೆಟ್ಟಿಲಲ್ಲೇ ಇಳಿಸುತ್ತಿದ್ದರು. ಮುಂದೆ ಚಾಲಕ ಮತ್ತು ಪಕ್ಕದ ಮನೆಯ ಎಲೆಕ್ಟ್ರಿಷಿಯನ್, ಹಿಂದೆ ಮಗಳು ಮತ್ತು ಈಜುಕೊಳದ ಪೀಪಿ. ತೀರಿಕೊಂಡವಳ ಗಂಡನಿಗೆ ಹಿಡಿಯಲು ಏನೂ ಉಳಿದಿರಲಿಲ್ಲ. ಜಾರುತ್ತಿದ್ದ ಹೊದಿಕೆಯ ಮೂಲೆಯೊಂದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಹಿಂದೆ ಹಿಂದೆ ಇಳಿಯುತ್ತಿದ್ದ.

ಎರಡನೇ ಮಹಡಿಯಲ್ಲಿ ಒಂದು ಬಾಗಿಲು ಧಡಕ್ಕನೆ ತೆರೆದು ಇಬ್ಬರು ಮಕ್ಕಳು ದಡದಡ ಹೊರಗೆ ಬಂದರು.

"ಏಯ್, ಓಡ್ಬೇಡಿ!" ಎಂದು ಪೀಪಿ ಕೂಗಿದಳು.

ಮಕ್ಕಳು ನಿಂತರು. ಸ್ಟ್ರೆಚರ್ ಹೊತ್ತವರೂ ನಿಂತರು. ಆ ಮಾತು ಸ್ಟ್ರೆಚರಿನ ಮೇಲಿದ್ದವಳದು. ಊರಿನ ಈಜುಕೊಳದಲ್ಲಿ ತನ್ನ ಆಯುಸ್ಸಿನ ಅರ್ಧಕ್ಕಿಂತ ಹೆಚ್ಚು ಕಾಲ ಈಜು ಕಲಿಸಿದವಳು ಅವಳು. ಒದ್ದೆ ನೆಲದ ಮೇಲೆ ಯಾರೇ ಓಡಿದರೂ ಕೊಳದ ಆ ತುದಿಯಿಂದ ಈ ತುದಿಗೆ ಕೇಳುವ ಹಾಗೆ ಅದೊಂದೇ ಮಾತು ಕೂಗುತ್ತಿದ್ದಳು. ಮಕ್ಕಳು ಅವಳಿಗೆ ‘ಓಡ್ಬೇಡ ಮಿಸ್’ ಎಂದು ಹೆಸರಿಟ್ಟರು. ಆ ಮಕ್ಕಳು ದೊಡ್ಡವರಾಗಿ ತಮ್ಮ ಮಕ್ಕಳನ್ನು ಕರೆತಂದಾಗಲೂ ಅದೇ ಹೆಸರು. ಪೀಪಿ ಅವಳ ಕೈಕೆಳಗೆ ಪಳಗಿದವಳು, ಅವಳನ್ನು ಅಕ್ಕ ಎಂದೂ ಅವಳ ಗಂಡನನ್ನು ಭಾವ ಎಂದೂ ಕರೆಯುತ್ತಿದ್ದವಳು. ಕೊರಳಲ್ಲಿ ಸದಾ ಸೀಟಿ ನೇತಾಡುತ್ತಿದ್ದುದಕ್ಕೆ ಪೀಪಿ ಎಂದು ಕರೆದದ್ದೂ ಮಿಸ್ಸೇ. ಈಗ ಅವಳಿಗೆ ಮೂವತ್ತು ದಾಟಿತ್ತು, ಹೆಸರು ಮಾತ್ರ ಬಿಟ್ಟುಹೋಗಿರಲಿಲ್ಲ.

"ಬಾಯ್ತಪ್ಪಿ ಬಂತು," ಎಂದಳು ಪೀಪಿ, ಕೆಂಪಾಗಿ.

"ಬರ್ಲಿ ಬಿಡು. ಅಮ್ಮ ಆಗಿದ್ರೆ ಕಟ್ಟಡ ನಡುಗೋ ಹಾಗೆ ಕೂಗ್ತಿದ್ಲು," ಎಂದಳು ಮಗಳು. ಅವಳು ಸಿಟಿ ಬಸ್ಸಿನ ಡ್ರೈವರು. ಸುದ್ದಿ ಬಂದಾಗ ಪಾಳಿಯಲ್ಲಿದ್ದವಳು ಇನ್ನೂ ಸಮವಸ್ತ್ರದ ಪ್ಯಾಂಟಿನಲ್ಲೇ ಇದ್ದಳು.

ವ್ಯಾನಿನಲ್ಲಿ ಸ್ಟ್ರೆಚರಿನ ಎರಡೂ ಬದಿಗೆ ಉದ್ದನೆಯ ಬೆಂಚುಗಳಿದ್ದವು. ಒಂದರ ಮೇಲೆ ಅಪ್ಪ, ಮಗಳು. ಎದುರಿಗೆ ಪೀಪಿ ಮತ್ತು ಅಪ್ಪನ ಅಕ್ಕ. ಅಕ್ಕ ಬೆಳಗಿನಿಂದ ಅಳುತ್ತಿದ್ದವಳು, ವ್ಯಾನು ಹೊರಟ ಮೇಲೆ ಮೂಗೊರೆಸಿಕೊಂಡು ಮಾತಿಗೆ ತೊಡಗಿದಳು.

"ಏನೇ ಅನ್ನು ಕಣೇ, ನಿಮ್ಮಮ್ಮ ತನ್ನ ಮೈ ಬಗ್ಗೆ ತಾನೇ ಅಸಡ್ಡೆ ಮಾಡಿದ್ಲು. ದಿನಾ ನೀರಿಗಿಳಿಯೋಳು, ದಿನಾ ಎರಡು ಸಲ ಬಟ್ಟೆ ಬದಲಾಯಿಸೋಳು. ಎದೇಲಿದ್ದ ಗಂಟು ಕೈಗೆ ಸಿಗಲಿಲ್ವಾ? ಸಿಕ್ಕಿರುತ್ತೆ. ಇವತ್ತಲ್ಲ ನಾಳೆ, ನಾಳೆ ಅಲ್ಲ ನಾಡಿದ್ದು ಅಂತ ತಳ್ಳಿರ್ತಾಳೆ."

"ಅವಳೇ ಒಪ್ಕೊಂಡ್ಲಲ್ಲ ಅತ್ತೆ, ಸೋಮಾರಿತನ ಮಾಡಿದೆ ಅಂತ," ಎಂದಳು ಮಗಳು. ಅವಳ ಕೈ ಅಪ್ಪನ ತೋಳಿನ ಮೇಲಿತ್ತು. "ನಾನೂ ಬೈದೆ. ಬಾಯಿಗೆ ಬಂದ ಹಾಗೆ ಬೈದೆ. ಸುಮ್ನೆ ಕೇಳಿಸ್ಕೊಂಡ್ಲು."

"ಇನ್ನೇನು ಮಾಡ್ತಾಳೆ. ನನ್ನ ತಮ್ಮ ಸಿಕ್ಕಿದ್ದು ಅವಳ ಪುಣ್ಯ. ಇವನು ಕಾಗದಪತ್ರ ಅಷ್ಟು ಅಚ್ಚುಕಟ್ಟಾಗಿ ಇಟ್ಟಿದ್ದಕ್ಕೆ ವಿಮೆ ಕಂಪನಿಯೋರು ತೆಪ್ಪಗೆ ಎಲ್ಲ ಬಿಲ್ಲೂ ಕಟ್ಟಿದ್ರು. ಇಲ್ದಿದ್ರೆ ಮನೆ ಮಠ ಮಾರ್ಕೊಂಡು ಬೀದೀಲಿರ್ತಿದ್ರಿ."

ಅವನು ಹೊದಿಕೆಯ ಮೂಲೆಯನ್ನು ಇನ್ನೂ ಬಿಟ್ಟಿರಲಿಲ್ಲ. ಏನಾದರೂ ಹೇಳಬೇಕಾದ ಕ್ಷಣ ಇದು ಎಂದು ಅವನಿಗೆ ತಿಳಿದಿತ್ತು. ಅಂಥ ಕ್ಷಣಗಳು ಈ ಎರಡು ವರ್ಷದಲ್ಲಿ ಹಲವು ಬಂದಿದ್ದವು. ಪ್ರತಿಯೊಂದರಲ್ಲೂ ಅವನು ಮಾಡಿದ್ದನ್ನೇ ಈಗಲೂ ಮಾಡಿದ: ಗಂಟಲು ಸರಿಮಾಡಿಕೊಂಡು ಕಿಟಕಿಯಾಚೆ ನೋಡಿದ.

*

ಅವನು ಕೆಲಸ ಮಾಡುತ್ತಿದ್ದುದು ಔಷಧಿ ಪೆಟ್ಟಿಗೆಗಳ ಒಳಗೆ ಮಡಚಿಡುವ ಚೀಟಿಗಳನ್ನು ಅಚ್ಚು ಹಾಕುವ ಪ್ರೆಸ್ಸಿನಲ್ಲಿ. ಯಾರೂ ಓದದ, ಸೊಳ್ಳೆಯ ಕಾಲಿನಂಥ ಆ ಅಕ್ಷರಗಳನ್ನು ಓದಿ ತಪ್ಪು ಹುಡುಕುವುದೇ ಅವನ ಕೆಲಸ. ಶರ್ಟಿನ ಜೇಬಿನಲ್ಲಿ ಸದಾ ಒಂದು ಮಸೂರ. ಮನೆಯಲ್ಲೂ ಸೋಪಿನ ಹೊದಿಕೆ, ಬಸ್ ಟಿಕೆಟ್ಟಿನ ಹಿಂಬದಿ, ಕುಕ್ಕರಿನ ತಳದಲ್ಲಿ ಒತ್ತಿದ ಅಕ್ಷರ ಯಾವುದನ್ನೂ ಬಿಡುತ್ತಿರಲಿಲ್ಲ. ಮದುವೆಯಾದ ವಾರದಲ್ಲೇ ಹೆಂಡತಿ ಅವನಿಗೆ ‘ಸಣ್ಣಕ್ಷರ’ ಎಂದು ಹೆಸರಿಟ್ಟಳು. "ನಾನು ದೊಡ್ಡ ದನಿ, ನೀವು ಸಣ್ಣಕ್ಷರ. ಜೋಡಿ ಚೆನ್ನಾಗಿದೆ," ಎಂದು ನಗುತ್ತಿದ್ದಳು.

ಎರಡೂವರೆ ವರ್ಷಕ್ಕೂ ಹಿಂದೆ, ಪುರಸಭೆಯ ಕೈಲಿದ್ದ ಈಜುಕೊಳವನ್ನು ಖಾಸಗಿ ಕಂಪನಿಯೊಂದು ವಹಿಸಿಕೊಂಡಿತು. ಹೊಸ ಕಂಪನಿ ನೌಕರರಿಗೆಲ್ಲ ಆರೋಗ್ಯ ವಿಮೆ ಮಾಡಿಸಿ ಒಂದೊಂದು ಕಾರ್ಡು, ಒಂದೊಂದು ದಪ್ಪ ಪುಸ್ತಕ ಕೊಟ್ಟಿತು. ಅದು ಮನೆಗೆ ಬಂದು ತಿಂಗಳಾಗಿರಲಿಲ್ಲ. ಒಂದು ಸಂಜೆ ಅವಳು ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ರೀ, ಇಲ್ಲಿ ಮುಟ್ಟಿ ನೋಡಿ."

ಅವನು ಹೆಬ್ಬೆರಳಿಂದ ಒತ್ತಿ ನೋಡಿದ. ಕಡಲೆಕಾಳಿನಷ್ಟು; ಬೆರಳಿಗೆ ಸಿಕ್ಕೂ ಜಾರದೆ ಅಲ್ಲೇ ಕೂತಿತ್ತು.

"ನೋವಾಗುತ್ತಾ?"

"ಇಲ್ಲ. ಅದಕ್ಕೇ ಒಂಥರಾ ಭಯ. ನಾಳೆ ಅರ್ಧ ದಿನ ರಜಾ ಹಾಕಿ ಡಾಕ್ಟರಿಗೆ ತೋರಿಸ್ಕೊಂಡು ಬಂದುಬಿಡ್ತೀನಿ."

"ಒಂದು ನಿಮಿಷ ಇರು," ಎಂದು ಅವನು ಆ ಪುಸ್ತಕ ತಂದ.

ಅವಳು ಒಲೆಯ ಪಕ್ಕ ಕುರ್ಚಿಯಲ್ಲಿ ಕೂತು ತಲೆ ಒರೆಸಿಕೊಳ್ಳುತ್ತಿದ್ದಳು. ಅವನು ಮಸೂರ ಹಿಡಿದು ಓದಿದ. ಹಾಗೆ ಓದಲು ಅವನಿಗೊಂದು ಕಾರಣವಿತ್ತು. ಅವನ ತಾಯಿ ಕಾಯಿಲೆ ಬಿದ್ದಾಗ ವಿಮೆ ಇತ್ತು. ಆದರೆ ಅವಳು ಡಾಕ್ಟರ ಮುಂದೆ ಮಾತಿನ ಭರದಲ್ಲಿ, ಈ ನೋವು ಹಳೆಯದೇ, ಆಗೊಮ್ಮೆ ಈಗೊಮ್ಮೆ ಬರುತ್ತಿತ್ತು ಎಂದಿದ್ದಳು. ಡಾಕ್ಟರು ಅದನ್ನು ಬರೆದುಕೊಂಡರು. ಆ ಒಂದು ಸಾಲು ಸಾಕಾಯಿತು. ಕಂಪನಿ ಕೈ ಕೊಡವಿತು, ಚಿಕಿತ್ಸೆ ಅರ್ಧಕ್ಕೆ ನಿಂತಿತು. ತಾಯಿಯನ್ನು ಕೊಂದದ್ದು ಕಾಯಿಲೆಯಲ್ಲ, ಬರೆದಿಟ್ಟ ಸಾಲು ಎಂದು ಅವನು ಆಗಿನಿಂದ ನಂಬಿದ್ದ.

"ಈಗ ತೋರಿಸಿದ್ರೆ ತಾರೀಖು ಹಾಕಿ ಬರೀತಾರೆ," ಎಂದ. "ಬರೆದ್ರೆ ಮುಗೀತು. ಮೊದಲ ಆರು ತಿಂಗಳಲ್ಲಿ ಕಂಡ ಗಂಟಿಗೆ ಒಂದು ಬಿಡಿಗಾಸೂ ಕೊಡಲ್ಲ. ಮೊದಲೇ ಇದ್ದ ಕಾಯಿಲೆ ಅಂತಾರೆ."

"ಗಂಟಿಗೆ ಕ್ಯಾಲೆಂಡರ್ ನೋಡಕ್ಕೆ ಬರುತ್ತೇನ್ರೀ?"

"ತಮಾಷೆ ಅಲ್ಲ ಕಣೇ. ಇಂಥ ಗಂಟು ಹೆಚ್ಚಿನಂಶ ಏನೂ ಆಗಿರಲ್ಲ. ಏನೂ ಅಲ್ಲ ಅಂದ್ರೆ ಕಾದರೆ ನಷ್ಟ ಇಲ್ಲ. ಏನಾದ್ರೂ ಆಗಿದ್ರೆ..."

"ಆಗಿದ್ರೆ?"

"ಆಗಿದ್ರೆ ದುಡ್ಡು ಬೇಕಲ್ಲ."

ಎರಡು ಕವಲನ್ನೂ ಅವನು ಯೋಚಿಸಿದ್ದ. ಎರಡೂ ಸರಿಯಾಗಿಯೇ ಕಂಡಿದ್ದವು. ಎರಡನೆಯ ಕವಲಿನಲ್ಲಿ ಕಾಯುವುದಕ್ಕೂ ಒಂದು ಬೆಲೆಯಿದೆ ಎಂಬುದನ್ನು ಮಾತ್ರ ಅವನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆ ಪುಸ್ತಕದಲ್ಲಿ ಎಲ್ಲೂ ಅದನ್ನು ಅಚ್ಚು ಹಾಕಿರಲಿಲ್ಲ.

"ಆಫೀಸಲ್ಲಿ ಮ್ಯಾನೇಜರನ್ನ ಒಂದು ಮಾತು ಕೇಳ್ಲಾ?"

"ಕೇಳ್ಬೇಡ. ಕೇಳಿದ್ರೆ, ಯಾಕೆ ಕೇಳಿದ್ರು ಅನ್ನೋದು ಅವರ ತಲೇಲಿ ಉಳಿಯುತ್ತೆ."

"ಸರಿ, ಸಣ್ಣಕ್ಷರದವರೇ," ಎಂದಳು. ಟವೆಲನ್ನು ಕೊಡವಿ ಹಗ್ಗದ ಮೇಲೆ ಹಾಕಿದಳು.

ಕಾದರು. ಆಗಾಗ ಅವಳು ಅವನ ಕೈ ಹಿಡಿದು ಅಲ್ಲಿಡುತ್ತಿದ್ದಳು. "ಅಷ್ಟೇ ಇದೆ," ಎನ್ನುತ್ತಿದ್ದ. ಅಚ್ಚಿನಲ್ಲಿ ಕೂದಲೆಳೆಯಷ್ಟು ಅಕ್ಷರ ಸರಿದರೂ ಕಂಡುಹಿಡಿಯುವವನು ಅವನು. ಅಷ್ಟೇ ಇಲ್ಲ ಎಂದು ಅವನ ಹೆಬ್ಬೆರಳಿಗೆ ಗೊತ್ತಾಗುತ್ತಿತ್ತು. ಆ ಬದಿ ನೋಯತೊಡಗಿ ಅವಳು ತನ್ನ ಸೀಟಿಯನ್ನು ಇನ್ನೊಂದು ಕೈಗೆ ಬದಲಾಯಿಸಿದಳು. ಮಲಗುವ ಮಗ್ಗುಲನ್ನೂ ಬದಲಾಯಿಸಿದಳು.

ಆರು ತಿಂಗಳು ಮುಗಿಯಿತು. ಮರುದಿನವೇ ಹೋದರೆ ಕಾದು ಕೂತಿದ್ದರು ಎಂದು ಯಾರಿಗಾದರೂ ಅನುಮಾನ ಬಂದೀತು ಎಂದು ಅವನು ಮತ್ತೊಂದು ತಿಂಗಳು ತಡೆದ. ಆ ಆರು ತಿಂಗಳಿಗಾದರೂ ಒಂದು ಕಾಗದದ ಆಧಾರವಿತ್ತು. ಈ ಒಂದು ತಿಂಗಳು ಪೂರ್ತಿ ಅವನದೇ.

*

ಚಿತಾಗಾರದ ಹಜಾರದಲ್ಲಿ ನೆಲಕ್ಕೆ ಬಿಗಿದ ಪ್ಲಾಸ್ಟಿಕ್ ಕುರ್ಚಿಗಳ ಸಾಲುಗಳಿದ್ದವು. ಅವರಿಗಿಂತ ಮೊದಲು ಬಂದ ಒಂದು ಕುಟುಂಬದ ಸರದಿ ಇನ್ನೂ ಮುಗಿದಿರಲಿಲ್ಲ. ಒಳಗಿನ ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಅದು ಹಸಿರಾದ ಮೇಲೆ ನಿಮ್ಮನ್ನು ಕರೆಯುತ್ತೇವೆ ಎಂದು ಸಿಬ್ಬಂದಿ ಹೇಳಿ ಹೋದ.

ಈಜುಕೊಳದ ಮ್ಯಾನೇಜರು ಬಂದು ಕೈ ಕುಲುಕಿ ಪಕ್ಕದಲ್ಲಿ ಕೂತ. ಒಳ್ಳೆಯ ಮನುಷ್ಯ; ಸಾವಿನ ಮನೆಯಲ್ಲಿ ಏನು ಮಾತಾಡಬೇಕೋ ತಿಳಿಯದೆ ಗೊತ್ತಿರುವುದನ್ನೆಲ್ಲ ಮಾತಾಡುವ ಜಾತಿ.

"ಮಿಸ್ ಇಲ್ದೆ ಕೊಳ ಬಿಕೋ ಅಂತಿದೆ ಸಾರ್. ಮೊನ್ನೆ ಒಬ್ಬ ಹುಡುಗ ಓಡಿ ಜಾರಿ ಗದ್ದ ಒಡ್ಕೊಂಡ." ಸ್ವಲ್ಪ ತಡೆದು ಹೇಳಿದ, "ವಿಮೆಯೋರು ತೊಂದರೆ ಕೊಡ್ಲಿಲ್ಲ ತಾನೇ?"

"ಇಲ್ಲ. ಎಲ್ಲ ಕೊಟ್ರು."

"ಕೊಡ್ಲೇಬೇಕು ಸಾರ್. ನಮ್ಮದು ಒಳ್ಳೇ ಪಾಲಿಸಿ. ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಎಲ್ಲಾ ಕಾಯಿಲೆಗೂ ಉಂಟು. ನಮ್ಮ ಪಂಪ್ ಆಪರೇಟರು ಸೇರಿ ಹದಿನೈದು ದಿನಕ್ಕೆ ಹೃದಯದ ಆಪರೇಷನ್ ಮಾಡಿಸ್ಕೊಂಡ, ಗೊತ್ತಾ?"

ಅವನು ತಲೆ ತಿರುಗಿಸಿ ನೋಡಿದ. "ಮೊದಲ ಆರು ತಿಂಗಳು ಇಲ್ಲ ಅಂತ ಇತ್ತಲ್ಲ. ಪುಸ್ತಕದಲ್ಲಿ."

"ಅಯ್ಯೋ, ಆ ಪುಸ್ತಕ ಅವರು ಎಲ್ಲರಿಗೂ ಹಂಚೋ ಪುಸ್ತಕ. ನಮ್ಮ ಕಂಪನಿ ಒಟ್ಟಿಗೆ ಮಾಡಿಸುವಾಗಲೇ ಆ ಷರತ್ತು ತೆಗೆಸಿಬಿಟ್ಟಿತ್ತು. ನಾನೇ ದಪ್ಪ ಅಕ್ಷರದಲ್ಲಿ ಬರೆದು ಆಫೀಸಿನ ಬಾಗಿಲಿಗೆ ಅಂಟಿಸಿದ್ದೆ. ಕೊಳದ ತೇವಕ್ಕೆ ಎರಡೇ ದಿನದಲ್ಲಿ ಕಿತ್ಕೊಂಡು ಬಿತ್ತು. ಓದೋರಾದ್ರೂ ಯಾರು!" ಮ್ಯಾನೇಜರು ನಕ್ಕು, ಇಲ್ಲಿ ನಗಬಾರದೆಂದು ನೆನಪಾಗಿ ನಿಲ್ಲಿಸಿದ. "ಮಿಸ್ ಒಂದ್ಸಲ ಕೇಳಕ್ಕೆ ಬಂದಿದ್ರು. ಬಾಗಿಲಲ್ಲಿ ನಿಂತು, ಸಾರ್ ಈ ವಿಮೆ ವಿಷಯ, ಅಂದ್ರು. ಆಮೇಲೆ, ಇರ್ಲಿ ಬಿಡಿ, ನಮ್ಮನೆಯವ್ರು ಓದಿದ್ದಾರೆ, ಅಂತ ಹೊರಟೇಹೋದ್ರು."

ಕೆಂಪು ದೀಪ ಉರಿಯುತ್ತಲೇ ಇತ್ತು. ಮ್ಯಾನೇಜರು ಇನ್ನೂ ಏನೇನೋ ಹೇಳಿದ. ಹೊಸ ಟೈಲ್ಸ್ ಹಾಕಿಸುವ ವಿಷಯ, ಮಿಸ್ ಹೆಸರಲ್ಲಿ ಏನಾದರೂ ಮಾಡಬೇಕೆಂಬ ವಿಷಯ. ಅವನಿಗೆ ಕೇಳಿಸಿದ್ದು ಒಂದೇ. ಇರ್ಲಿ ಬಿಡಿ, ನಮ್ಮನೆಯವ್ರು ಓದಿದ್ದಾರೆ. ಅದನ್ನು ಅವಳು ಯಾವ ದನಿಯಲ್ಲಿ ಹೇಳಿರಬಹುದೆಂಬುದೂ ಅವನಿಗೆ ಗೊತ್ತಿತ್ತು. ಗಂಡನ ಬಗ್ಗೆ ಹೊರಗಿನವರ ಹತ್ತಿರ ಮಾತಾಡುವಾಗ ಅವಳಿಗೊಂದು ಬೇರೆಯೇ ದನಿಯಿತ್ತು, ಸ್ವಲ್ಪ ಜಂಬದ್ದು.

*

"ಯಾವಾಗ ಗಮನಕ್ಕೆ ಬಂತು?" ಎಂದು ಡಾಕ್ಟರು ಕೇಳಿದ್ದರು. ಬಿಳಿಗೂದಲಿನ ಹೆಂಗಸು, ಪರೀಕ್ಷೆ ಮಾಡಿದ ಕೈಗಳನ್ನು ತೊಳೆದುಕೊಂಡು ಬಂದು, ಒರೆಸಿಕೊಳ್ಳುತ್ತ ಕೇಳಿದರು.

"ಹೋದ ವಾರ," ಎಂದಳು ಅವಳು. ಮನೆಯಲ್ಲಿ ಅವನು ಹೇಳಿಕೊಟ್ಟ ಹಾಗೆಯೇ.

ಡಾಕ್ಟರು ಅವಳನ್ನು ನೋಡಿದರು, ಆಮೇಲೆ ಅವನನ್ನು. "ನೀವು ಈಜು ಕಲಿಸೋರು ಅಂದ್ರಿ."

"ಹೌದು."

"ಹೋದ ವಾರ?"

"ನಾನು ಸ್ವಲ್ಪ ಸೋಮಾರಿ ಡಾಕ್ಟರೇ. ಮೈ ಕಡೆ ಗಮನ ಕೊಡಲ್ಲ."

ಅದನ್ನು ಅವನು ಹೇಳಿಕೊಟ್ಟಿರಲಿಲ್ಲ. ಡಾಕ್ಟರು ಬರೆದುಕೊಂಡರು. ಕಂಕುಳಿಗೆ ಹರಡಿದೆ, ಮೂಳೆಯದನ್ನು ಸ್ಕ್ಯಾನ್ ಆದ ಮೇಲೆ ಹೇಳುತ್ತೇನೆ ಎಂದರು. ತುಸು ಹೊತ್ತಿನ ಮೇಲೆ, ತಮಗೇ ಹೇಳಿಕೊಳ್ಳುವಂತೆ, "ಸ್ವಲ್ಪ ಮುಂಚೆ ಬಂದಿದ್ರೆ ಬೇರೆ ಮಾತಾಡ್ತಿದ್ವಿ," ಎಂದರು.

ಹೊರಗೆ ಕಾರಿಡಾರಿನಲ್ಲಿ ಅವನು ಗೋಡೆಗೊರಗಿ ನಿಂತ. ಅವಳೇ ಅವನ ಬೆನ್ನ ಮೇಲೆ ಕೈಯಿಟ್ಟು, ನೀರಿಗೆ ಹೆದರುವ ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು: "ಉಸಿರು ಬಿಡಿ ಮೊದಲು. ಎಲ್ಲರೂ ಉಸಿರು ಹಿಡ್ಕೊಂಡೇ ಮುಳುಗೋದು. ಬಿಡಿ."

ಮಗಳಿಗೆ ಸುದ್ದಿ ಹೇಳಿದ ದಿನ ಅವಳು ಬಸ್ಸು ಡಿಪೋಗೆ ಬಿಟ್ಟು ನೇರ ಮನೆಗೆ ಬಂದಳು. ಅಡುಗೆಮನೆಯಲ್ಲಿ ಅಮ್ಮ ಅದೇ ಕುರ್ಚಿಯಲ್ಲಿ ಕೂತಿದ್ದಳು.

"ಊರಲ್ಲಿರೋ ಮಕ್ಕಳನ್ನೆಲ್ಲ ಕಾಯ್ತೀಯ. ನಿನ್ನ ಎದೇಲಿ ಕಲ್ಲಿನಂಥ ಗಂಟಿದ್ರೂ ಗೊತ್ತಾಗಲ್ಲ ಅಂದ್ರೆ ಯಾರು ನಂಬ್ತಾರಮ್ಮ? ನಮ್ಮ ಮೇಲೆ ಸ್ವಲ್ಪನಾದ್ರೂ ಪ್ರೀತಿ ಇದ್ದಿದ್ರೆ ತೋರಿಸ್ಕೋತಿದ್ದೆ ನೀನು!"

"ಆಯ್ತು ಮಾರಾಯ್ತಿ, ತಪ್ಪು ನಂದೇ. ಸೋಮಾರಿತನ," ಎಂದಳು ಅಮ್ಮ.

ಅವನು ಇಬ್ಬರಿಗೂ ಬೆನ್ನು ಮಾಡಿ ಒಲೆಯ ಮುಂದೆ ನಿಂತಿದ್ದ. ಹಾಲು ಬಿಸಿಯಾಗುತ್ತಿತ್ತು. ಹಾಲನ್ನೇ ನೋಡುತ್ತಿದ್ದ. ಅದು ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲಿದಾಗಲೂ ನೋಡುತ್ತಲೇ ಇದ್ದ.

ಆ ರಾತ್ರಿ ಅವಳ ಹತ್ತಿರ, "ನಾಳೆ ನಾನೇ ಅವಳಿಗೆ ಹೇಳ್ತೀನಿ," ಎಂದ.

"ಬೇಡ ಬಿಡಿ. ನಾನು ಹೋದ ಮೇಲೆ ಅವಳಿಗೆ ನೀವೊಬ್ರೇ ತಾನೇ ಉಳಿಯೋದು. ನನ್ನ ಮೇಲಿನ ಸಿಟ್ಟು ನನ್ನ ಜೊತೆ ಹೋಗುತ್ತೆ."

ಅವಳು ಕೊಟ್ಟದ್ದನ್ನು ಅವನು ತೆಗೆದುಕೊಂಡ.

*

ಮ್ಯಾನೇಜರು ಎದ್ದುಹೋದ ಮೇಲೆ ಆ ಕುರ್ಚಿಗೆ ಪೀಪಿ ಬಂದು ಕೂತಳು. ಹಜಾರದ ಆ ತುದಿಯಲ್ಲಿ ಕೆಲಸದವಳೊಬ್ಬಳು ಬಕೆಟ್ಟಿನಿಂದ ನೀರು ಚೆಲ್ಲಿ ನೆಲ ಒರೆಸತೊಡಗಿದ್ದಳು.

"ಭಾವ, ಇವತ್ತು ಕೇಳಬಾರದು. ಆದ್ರೆ ಇನ್ಯಾರನ್ನ ಕೇಳ್ಬೇಕು ಗೊತ್ತಾಗ್ತಿಲ್ಲ," ಎಂದಳು ತಗ್ಗಿದ ದನಿಯಲ್ಲಿ. "ಅಕ್ಕನ್ನ ಕೇಳೋಣ ಅಂತಿದ್ದೆ. ಅವರ ಸ್ಥಿತಿ ನೋಡಿ ಬಾಯಿ ಬರ್ಲಿಲ್ಲ."

"ಕೇಳು."

"ನಮ್ಮಮ್ಮನ ನಾಲಿಗೆ ಪಕ್ಕ ಒಂದು ಹುಣ್ಣಾಗಿದೆ. ವಾಸಿನೇ ಆಗ್ತಿಲ್ಲ. ನಮ್ಮ ಕಂಪನಿ ಪಾಲಿಸೀಲಿ ತಂದೆತಾಯಿ ಬರಲ್ಲ, ಅದಕ್ಕೆ ಅಮ್ಮಂಗೆ ಬೇರೆ ಮಾಡಿಸ್ದೆ. ಅದು ಚಾಲ್ತಿಗೆ ಬರೋಕೆ ಇನ್ನೂ ಎರಡು ತಿಂಗಳಿದೆ. ಅಲ್ಲಿವರೆಗೂ ಡಾಕ್ಟರ ಹತ್ರ ಹೋಗದೇ ಇರೋದೇ ಒಳ್ಳೇದಲ್ವಾ? ನೀವು ಇದೆಲ್ಲ ಓದಿರ್ತೀರ."

"ಯಾರು ಹೇಳಿದ್ರು ಹಾಗೆ?"

"ಯಾರೂ ಇಲ್ಲ. ನಾನೇ ಯೋಚನೆ ಮಾಡ್ದೆ."

ಮಗಳು ಇನ್ನೊಂದು ಪಕ್ಕದಲ್ಲಿದ್ದಳು. ಅವಳ ಕೈ ವ್ಯಾನಿನಲ್ಲಿ ಇದ್ದ ಹಾಗೆ ಅವನ ತೋಳಿನ ಮೇಲೆಯೇ ಇತ್ತು. ಎದುರು ಸಾಲಿನಲ್ಲಿ ಅವನ ಅಕ್ಕ ತೂಕಡಿಸುತ್ತಿದ್ದಳು. ಪೀಪಿಯನ್ನು ಹೊರಗೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಬಹುದಿತ್ತು. ಅವನ ಕೈ ತಾನಾಗಿ ಜೇಬಿನ ಮಸೂರವನ್ನು ಮುಟ್ಟಿ ನೋಡಿತು.

"ಹೋಗು," ಎಂದ. "ಇವತ್ತೇ ಅಮ್ಮನ್ನ ಕರ್ಕೊಂಡು ಹೋಗು."

"ವಿಮೆ ಕೊಡಲ್ವಲ್ಲ ಭಾವ?"

"ಕೊಡಲ್ಲ. ಕೊಡ್ತಾರೆ ಅಂತ ಸುಳ್ಳು ಹೇಳಲ್ಲ ನಾನು. ಎಲ್ಲ ನಿನ್ನ ತಲೆ ಮೇಲೇ ಬೀಳುತ್ತೆ. ಕಷ್ಟ ಆಗುತ್ತೆ. ನನ್ನ ಕೈಲಾದ್ದು ನಾನು ಮಾಡ್ತೀನಿ. ಆದ್ರೂ ಹೋಗು."

"ಎರಡೇ ತಿಂಗಳಲ್ವಾ..."

"ನಿಮ್ಮಕ್ಕನ್ನ ನಾನು ಹೀಗೇ ಕಾಯಿಸಿದ್ದು."

ದನಿ ಅವನು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂದಿತ್ತು. ಅಕ್ಕ ಕಣ್ಣು ತೆರೆದಳು. ನೆಲ ಒರೆಸುವವಳೂ ತಿರುಗಿ ನೋಡಿದಳು.

"ಗಂಟು ಕೈಗೆ ಸಿಕ್ಕಿದ ದಿನವೇ ನನಗೆ ಹೇಳಿದ್ಲು. ನಾಳೆನೇ ತೋರಿಸ್ತೀನಿ ಅಂದ್ಲು. ಬೇಡ ಅಂದವನು ನಾನು. ಪುಸ್ತಕ ಓದಿ, ಆರು ತಿಂಗಳು ಕಾಯಿ ಅಂದೆ. ಆಮೇಲೆ ಯಾರಿಗೂ ಅನುಮಾನ ಬರಬಾರದು ಅಂತ ಇನ್ನೊಂದು ತಿಂಗಳು ಕಾಯಿ ಅಂದೆ. ಕಾಯೋ ಅಗತ್ಯವೇ ಇರಲಿಲ್ಲ ಅಂತ ಈಗ ನಿಮ್ಮ ಮ್ಯಾನೇಜರು ಹೇಳಿಹೋದ್ರು." ಅವನು ಉಸಿರು ಬಿಟ್ಟ. "ಅವಳು ಸೋಮಾರಿ ಅಲ್ಲ."

"ಏನೋ ಇದು, ದುಃಖದಲ್ಲಿ ಬಾಯಿಗೆ ಬಂದಿದ್ದೆಲ್ಲ..." ಎಂದಳು ಅಕ್ಕ.

"ಇಲ್ಲ ಅಕ್ಕ. ಬಾಯಿಗೆ ಬರದೇ ಇದ್ದಿದ್ದು ಇದು."

ಮಗಳ ಕೈ ಅವನ ತೋಳನ್ನು ಬಿಟ್ಟಿತು. ಕಿತ್ತುಕೊಳ್ಳಲಿಲ್ಲ, ಮೆಲ್ಲಗೆ ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡಳು.

"ನಾನು ಬೈಯುವಾಗ ನೀನು ಅಲ್ಲೇ ಇದ್ದೆ," ಎಂದಳು.

"ಇದ್ದೆ."

"ಹಾಲು ಕಾಯಿಸ್ತಿದ್ದೆ."

"ಹೂಂ."

ಅವಳು ಎದ್ದುನಿಂತಳು. ಅವನ ಕಡೆ ನೋಡಲಿಲ್ಲ. ಬಾಯಿ ತೆರೆದುಕೊಂಡು ಕೂತಿದ್ದ ಪೀಪಿಯ ಮುಂದೆ ಹೋಗಿ ನಿಂತು, ಬಸ್ಸಿನಲ್ಲಿ ಮೆಟ್ಟಿಲ ಮೇಲೆ ನಿಂತವರನ್ನು ಗದರುವ ದನಿಯಲ್ಲಿ ಕೇಳಿದಳು:

"ನೀನ್ಯಾಕೆ ಇನ್ನೂ ಕೂತಿದ್ದೀಯ?"

ಪೀಪಿ ಒಳಬಾಗಿಲ ಕಡೆ ನೋಡಿದಳು. ದೀಪ ಇನ್ನೂ ಕೆಂಪಾಗಿತ್ತು. ಮಿಸ್ಸನ್ನು ಇನ್ನೂ ಒಳಗೆ ತೆಗೆದುಕೊಂಡಿರಲಿಲ್ಲ. ಮುಖ ಬಿಗಿಹಿಡಿದು ಆ ಕಡೆ ಒಮ್ಮೆ ತಲೆಬಾಗಿಸಿ, ಚಪ್ಪಲಿ ಕಳಚಿ ಕೈಲಿ ಹಿಡಿದುಕೊಂಡು ಓಡಿದಳು.

ಹಜಾರದುದ್ದಕ್ಕೂ ನೆಲ ಒದ್ದೆಯಾಗಿ ಹೊಳೆಯುತ್ತಿತ್ತು. ಕೆಲಸದವಳು ಬಕೆಟ್ಟನ್ನು ಸರಕ್ಕನೆ ಪಕ್ಕಕ್ಕೆಳೆದಳು. ನಡುವೆ ಒಂದು ಕಡೆ ಪೀಪಿಯ ಪಾದ ಜಾರಿತು. ಒಂದು ಕೈ ಗಾಳಿಯಲ್ಲಿ ತೇಲಿತು, ಕೊರಳಿನ ಸೀಟಿ ಹಾರಿ ಬೆನ್ನ ಮೇಲೆ ಬಿತ್ತು. ಕುರ್ಚಿಯ ಬೆನ್ನೊಂದನ್ನು ಹಿಡಿದು ಸಾವರಿಸಿಕೊಂಡು ಮತ್ತೆ ಓಡಿದಳು. ಅಪ್ಪ, ಮಗಳು, ಅಕ್ಕ ಮೂವರೂ ನೋಡುತ್ತಿದ್ದರು. ಯಾರೂ ಕೂಗಲಿಲ್ಲ. ಬರಿಗಾಲಿನ ಗುರುತುಗಳು ಬಾಗಿಲವರೆಗೂ ಮೂಡಿ, ಒಂದೊಂದಾಗಿ ನೀರಲ್ಲಿ ಕೂಡಿಕೊಂಡವು.